ಎಲ್ಲಿಗವ್ವಾ ಹೊಂಟೆ?

ನಮ್ಮ ಕಡೆ ಹೆಂಗಸು ಹೊಸಿಲು ದಾಟಿದಳೆಂದರೆ ಬಿಸಿಲಿಗಿಂತ ಮೊದಲು ಅವಳ ಮೇಲೆ ಬೀಳುವುದು ಒಂದು ಪ್ರಶ್ನೆ: ‘ಎಲ್ಲಿಗವ್ವಾ ಹೊಂಟೆ?’

ಕೇಳುವವರಿಗೆ ಉತ್ತರ ಬೇಕೇ ಬೇಕು ಅಂತೇನಿಲ್ಲ. ಜಗಲಿ ಮೇಲೆ ಕೂತವರು ಕೆಮ್ಮಿದ ಹಾಗೆ ಅದು ತಾನಾಗಿ ಬರುತ್ತದೆ. ಗಂಡಸಾದರೆ ‘ಇಲ್ಲೇ’ ಅಂದರೆ ಸಾಕು, ಮಾತು ಮುಗಿಯಿತು. ಹೆಂಗಸು ‘ಇಲ್ಲೇ’ ಅಂದರೆ ‘ಇಲ್ಲೇ ಅಂದ್ರೆ ಎಲ್ಲಿ?’ ಎಂದು ಎರಡನೆಯ ಪ್ರಶ್ನೆ ಎದ್ದು ನಿಲ್ಲುತ್ತದೆ. ಅವಳು ಬಸುರಿಯೂ ಆಗಿದ್ದರೆ ಮೂರನೆಯದೂ ಉಂಟು: ‘ಈ ಹೊತ್ನಲ್ಲಾ?’ ಹೊತ್ತು ಯಾವುದೇ ಇರಲಿ, ಅದು ತಪ್ಪು ಹೊತ್ತೇ.

2012ರಲ್ಲಿ ನಾನು ಮೊದಲ ಸಲ ಬಸುರಿಯಾದಾಗ ನನಗೆ ಮೂರು ಊರು. ಕೆಲಸ, ಬಾಡಿಗೆ ಮನೆ ಮಂಡ್ಯದಲ್ಲಿ. ಅತ್ತೆ ಮನೆ ಮಳವಳ್ಳಿ ತಾಲ್ಲೂಕಿನ ಹಳ್ಳಿ. ತವರು ಮದ್ದೂರು ತಾಲ್ಲೂಕು, ಕೊಕ್ಕರೆ ಬೆಳ್ಳೂರಿನ ಪಕ್ಕ. ಮೂರು ಊರಿಗೂ ನನ್ನ ಹೊಟ್ಟೆಯ ವಿಚಾರದಲ್ಲಿ ಮೂರು ಶಾಸ್ತ್ರ. ಮಂಡ್ಯದ ಡಾಕ್ಟರಮ್ಮ ನಡಿ ಅಂದರು. ತವರಿನ ಅವ್ವ ಕೂರು ಅಂದಳು. ಅತ್ತೆ ಎರಡನ್ನೂ ಹೇಳಲಿಲ್ಲ. ‘ನಮ್ ಕಾಲ್ದಲ್ಲಿ ನಾಟಿ ಗದ್ದೇಲೇ ನೋವು ಬರೋದು’ ಅಂದು ಎಲೆಗೆ ಸುಣ್ಣ ಸವರಿದರು. ಅದು ಸಲಹೆಯೋ, ಬೈಗುಳವೋ, ಹೆಮ್ಮೆಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಡಾಕ್ಟರಮ್ಮನ ಲೆಕ್ಕ ಸುಲಭವಾಗಿತ್ತು. ‘ದಿನಾ ಅರ್ಧ ಗಂಟೆ ನಡೀರಿ. ನಡೆಯೋವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ವೇಗ ಸಾಕು.’ ನನ್ನ ಗಂಡ ಗಂಭೀರವಾಗಿ ಕೇಳಿದರು: ‘ಇವಳ ಮಾತು ಯಾವ ವೇಗದಲ್ಲೂ ನಿಲ್ಲಲ್ಲ ಡಾಕ್ಟ್ರೇ, ಬೇರೆ ಲೆಕ್ಕ ಇಲ್ವಾ?’ ಆಕೆ ನಗಲಿಲ್ಲ. ರಕ್ತ ಕಂಡರೆ, ನೀರು ಹೋದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಅಲ್ಲೇ ನಿಲ್ಲಿಸಿ ನೇರ ಆಸ್ಪತ್ರೆಗೆ ಬನ್ನಿ ಎಂದು ಒಂದೊಂದೇ ಬೆರಳು ಮಡಚುತ್ತ ಹೇಳಿದರು. ಮಾಸು ಕೆಳಗೆ ಕೂತವರಿಗೆ, ಹೃದಯದ ತೊಂದರೆ ಇದ್ದವರಿಗೆ ಈ ಮಾತು ಅನ್ವಯಿಸುವುದಿಲ್ಲ, ನಿಮಗೆ ಅಂಥದ್ದೇನೂ ಇಲ್ಲ ಎಂದರು. ಐದು ತಿಂಗಳಾದ ಮೇಲೆ ಅಂಗಾತ ಮಲಗಿ ಮಾಡುವ ಕಸರತ್ತು ಯಾವುದೂ ಬೇಡ, ಕೂಸಿನ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ ಎಂದೂ ಹೇಳಿದರು. ಬಸುರಿಯ ಮೈಯಲ್ಲಿ ಕೀಲುಗಳ ನಾರು ಸಡಿಲವಾಗುತ್ತದಂತೆ, ಹೊಟ್ಟೆ ಮುಂದೆ ಬಂದಷ್ಟೂ ತೂಕದ ನಡು ಜರುಗುತ್ತದಂತೆ. ಅದಕ್ಕೇ ಜಾರುವ ಚಪ್ಪಲಿ ಬೇಡ, ಹಾರುವುದು ಬೇಡ. ಹಾರುವ ಯೋಚನೆ ನನಗಂತೂ ಇರಲಿಲ್ಲ.

ಇಂಥ ವಿಷಯದಲ್ಲಿ ಅತ್ತೆಯರು ನಮ್ಮೂರಲ್ಲಿ ಮಾತ್ರ ಇರುವುದಿಲ್ಲ. ಅಮೆರಿಕದ ಹೆರಿಗೆ ವೈದ್ಯರ ಸಂಘ 1985ರಲ್ಲಿ, ಬಸುರಿಯ ನಾಡಿ ನಿಮಿಷಕ್ಕೆ 140 ದಾಟಬಾರದು, ಶ್ರಮದ ವ್ಯಾಯಾಮ 15 ನಿಮಿಷ ಮೀರಬಾರದು ಎಂದು ಕಟ್ಟಪ್ಪಣೆ ಮಾಡಿತ್ತು. 1994ರಲ್ಲಿ ಆ ಸಂಖ್ಯೆಗಳನ್ನು ತಾನೇ ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ, ತೊಂದರೆಯಿಲ್ಲದ ಬಸುರಿ, ಬಾಣಂತಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ಚಟುವಟಿಕೆ ಬೇಕು ಎಂದಿತು. ಐದು ದಿನಕ್ಕೆ ಹಂಚಿದರೆ ಡಾಕ್ಟರಮ್ಮ ಹೇಳಿದ ಅದೇ ಅರ್ಧ ಗಂಟೆ.

ಮಂಡ್ಯದಲ್ಲಿ ಆ ಅರ್ಧ ಗಂಟೆಗೆ ಅಡ್ಡಿ ಇರಲಿಲ್ಲ. ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಬೆಳಿಗ್ಗೆ ನಡೆಯುವವರೆಲ್ಲ ದುಂಡಗೆ ಸುತ್ತುತ್ತಾರೆ. ಸುತ್ತುವವರನ್ನು ಎಲ್ಲಿಗೆ ಎಂದು ಕೇಳುವುದು ಹೇಗೆ? ಹೊರಟಲ್ಲಿಗೇ ಬರುತ್ತಾರಲ್ಲ.

ಪೇಚಾಟ ಶುರುವಾದದ್ದು ಅತ್ತೆಯ ಊರಿನಲ್ಲಿ. ಮೊದಲ ದಿನ ಬೆಳಿಗ್ಗೆ ಎದ್ದು ಬರಿಗೈಯಲ್ಲಿ ನಾಲೆಯ ಏರಿಯ ಕಡೆ ಹೊರಟೆ. ಕಟ್ಟೆ ಮನೆಯಿಂದ ಮಾರಿಗುಡಿಯವರೆಗೆ ಹನ್ನೊಂದು ಜನ ಕೇಳಿದರು. ಮೊದಲ ಮೂವರಿಗೆ ‘ವಾಕಿಂಗು’ ಅಂದೆ. ನಾಲ್ಕನೆಯಾಕೆ ‘ಅದ್ಯಾವ್ದವ್ವಾ ಊರು?’ ಅಂದಳು. ಐದನೆಯವಳಿಗೆ ‘ಸುಮ್ನೆ’ ಅಂದು ಕೆಟ್ಟೆ. ಸುಮ್ಮನೆ ಹೋಗುವ ಸೊಸೆ ಅಂದರೆ ಮನೆಯಲ್ಲಿ ಜಗಳವಾಗಿದೆ ಎಂದೇ ಅರ್ಥ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲಿ ನಿಂತು, ‘ಏನವ್ವಾ, ನಾನೇನಾರ ಅಂದ್ನಾ?’ ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಮಾರನೆಯ ದಿನ ಒಂದು ಬಟ್ಟೆಯ ಚೀಲ ಹಿಡಿದು ಹೊರಟೆ. ಒಳಗೆ ಏನೂ ಇಲ್ಲ. ಯಾರೂ ಕೇಳಲಿಲ್ಲ. ಕೇಳಿದ ಒಬ್ಬಿಬ್ಬರೂ ಚೀಲ ನೋಡಿಕೊಂಡು ತಾವೇ ಉತ್ತರ ಹೇಳಿಕೊಂಡರು: ‘ಅಂಗ್ಡೀಗಾ? ಹೋಗ್ಬಾ.’ ಆ ಚೀಲವನ್ನು ಆರು ದಿನ ಹಾಗೇ ನಡೆಸಿದೆ. ಏಳನೆಯ ದಿನ ಅಂಗಡಿಯವನೇ ಗೇಟಿನ ಹತ್ತಿರ ಬಂದು, ‘ನಿಮ್ಮೋಳು ದಿನಾ ನನ್ ಅಂಗಡಿ ಮುಂದ್ಗಡೆಯಿಂದ ಚೀಲ ಹಿಡ್ಕಂಡು ಇನ್ನೊಂದು ಅಂಗ್ಡೀಗೆ ಹೋಯ್ತಾವ್ಳೆ, ನಮ್ಮ ಬೇಳೆ ಏನು ಕೆಟ್ಟಿದ್ದದು?’ ಎಂದು ಮಾವನನ್ನು ಕೇಳಿದ.

ಅದೇ ವರ್ಷ ನನ್ನ ಓರಗಿತ್ತಿಯೂ ಬಸುರಿ, ನನಗಿಂತ ಎರಡು ತಿಂಗಳು ಮುಂದೆ. ಅವಳು ಬೆಳಿಗ್ಗೆ ಐದಕ್ಕೆ ಹಿಪ್ಪುನೇರಳೆ ತೋಟಕ್ಕೆ ಹೋಗಿ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತು ಬರುತ್ತಿದ್ದಳು. ರೇಷ್ಮೆ ಹುಳ ಸಾಕುವ ಮನೆಯ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದಲ್ಲ. ಮೊಟ್ಟೆ ಒಡೆದ ಮೇಲೆ ಹುಳಕ್ಕೆ ನಾಲ್ಕು ಜ್ವರ. ಪೊರೆ ಬಿಡುವ ಆ ಹೊತ್ತಿನಲ್ಲಿ ಹುಳ ತಲೆಯೆತ್ತಿ ಸುಮ್ಮನೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಮನೆಯವರಿಗೂ ಬೆನ್ನು ನೆಟ್ಟಗಾಗುತ್ತದೆ. ನಾಲ್ಕನೆಯ ಜ್ವರದಿಂದ ಎದ್ದದ್ದೇ, ತನ್ನ ಜನ್ಮದಲ್ಲಿ ತಿನ್ನಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆ ಒಂದು ವಾರದಲ್ಲಿ ತಿಂದು ಮುಗಿಸುತ್ತದೆ. ರಾತ್ರಿ ಹುಳದ ಮನೆಯಲ್ಲಿ ನಿಂತರೆ ಸೋನೆ ಮಳೆಯ ಸದ್ದು. ಆ ವಾರ ಓರಗಿತ್ತಿ ಏಳನೆಯ ತಿಂಗಳಿನಲ್ಲಿದ್ದಳು. ದಿನಕ್ಕೆ ಎಷ್ಟು ಹೊರೆ ತಂದಳೋ ನಾನು ಎಣಿಸಲಿಲ್ಲ. ಬೀದಿಯಲ್ಲಿ ಒಬ್ಬರೂ ಅವಳನ್ನು ಎಲ್ಲಿಗೆ ಎಂದು ಕೇಳಲಿಲ್ಲ. ತಲೆ ಮೇಲಿನ ಹೊರೆಯೇ ಉತ್ತರ.

‘ನಿಂಗೆ ನಡೆಯೋಕೆ ಸಂಬಳ ಕೊಟ್ಟಾರಾ ಅಕ್ಕಾ?’ ಎಂದು ನನ್ನನ್ನು ಕಿಚಾಯಿಸುತ್ತಿದ್ದಳು. ನಾನು ಮಂಡ್ಯದ ಜ್ಞಾನವನ್ನೆಲ್ಲ ಸುರಿದೆ. ಬೆನ್ನು ನೋವು ಕಡಿಮೆಯಾಗುತ್ತದೆ, ಬಸುರಿಯಲ್ಲಿ ಬರುವ ಸಕ್ಕರೆ ಕಾಯಿಲೆಯ ಭಯ ತಗ್ಗುತ್ತದೆ, ನಿದ್ದೆ ಬರುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಹಂಗಾದ್ರೆ ನಂಗೆ ಯಾಕೆ ಬೆನ್ನು ಬಿದ್ದೋಗೈತೆ?’ ಅಂದಳು.

ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ತಪಾಸಣೆಯಲ್ಲಿ ಡಾಕ್ಟರಮ್ಮನನ್ನೇ ಕೇಳಿದೆ. ಬಗ್ಗಿ ಗಂಟೆಗಟ್ಟಲೆ ಮಾಡುವ ಕೆಲಸ, ಭಾರ ಎತ್ತುವುದು, ನಿಂತೇ ಇರುವುದು, ಇವನ್ನೆಲ್ಲ ವ್ಯಾಯಾಮದ ಖಾತೆಗೆ ಹಾಕಬೇಡಿ, ಅವು ಮೈ ಸವೆಸುವ ಖಾತೆ ಎಂದರು. ಊರಿಗೆ ಹೋಗಿ ಇದನ್ನು ಓರಗಿತ್ತಿಗೆ ಒಪ್ಪಿಸಿದೆ. ಅವಳು ಹೊರೆಯ ಸಿಂಬಿ ಬಿಚ್ಚುತ್ತ ಒಂದೇ ಮಾತಲ್ಲಿ ಅದನ್ನು ನೆಟ್ಟಗೆ ಮಾಡಿದಳು: ‘ನೀನು ಸುಸ್ತಾದ್ರೆ ಕುಂತ್ಕೋತೀಯ ಅಕ್ಕಾ. ಹುಳ ಕಾಯ್ತದಾ?’

ಆವತ್ತಿನಿಂದ ನನ್ನ ಚೀಲದ ಬಗ್ಗೆ ನನಗೇ ಸ್ವಲ್ಪ ನಾಚಿಕೆ. ಆದರೂ ಬಿಡಲಿಲ್ಲ. ಸಂಜೆಯ ನಡಿಗೆಗೆ ಅವಳನ್ನೂ ಎಳೆದೊಯ್ಯಲು ನೋಡಿದೆ. ಎರಡು ದಿನ ಬಂದಳು. ಏರಿಯ ಮೇಲೆ ಹೊಂಗೆ ಮರದ ಕೆಳಗೆ ಕೂತು ಕಾಲು ಚಾಚಿ, ‘ನೀನು ನಡಿ, ನಾನು ಇಲ್ಲೇ ಕುಂತಿರ್ತೀನಿ, ನಂಗೆ ಇದೇ ವ್ಯಾಯಾಮ’ ಅಂದಳು. ಅವಳ ಮೈಗೆ ಬೇಕಾಗಿದ್ದದ್ದೂ ಅದೇ. ವಿಶ್ವೇಶ್ವರಯ್ಯ ನಾಲೆಯ ನೀರನ್ನು ನೆಚ್ಚಿಕೊಂಡವರು ನಾವು. ಕಟ್ಟು ಪದ್ಧತಿ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲವು ದಿನ ನೀರು ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ, ನಿಲ್ಲಿಸಿದಾಗಲೇ ಕಬ್ಬಿನ ಬೇರಿಗೆ ಉಸಿರು. ಅವಳ ಮೈಯಲ್ಲಿ ನೀರು ನಿಲ್ಲಿಸುವವರೇ ಇರಲಿಲ್ಲ. ನನ್ನ ತವರಿನಲ್ಲಿ ತೂಬು ತೆಗೆಯಲು ಬಿಡುವವರಿರಲಿಲ್ಲ.

ಎರಡನೆಯ ಸಲ ಬಸುರಿಯಾದದ್ದು 2018ರಲ್ಲಿ. ಆ ಹೊತ್ತಿಗೆ ಊರಿನ ಬಸುರಿಯರಿಗೆ ಸರ್ಕಾರವೇ ಒಂದು ಉತ್ತರ ಒದಗಿಸಿತ್ತು. ಹಿಂದಿನ ವರ್ಷದ ಗಾಂಧಿ ಜಯಂತಿಯಿಂದ ಮಾತೃಪೂರ್ಣ ಯೋಜನೆ. ತಿಂಗಳಿಗೆ 25 ದಿನ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಆಗ ಮನೆಗೆ ತಂದು ಕೊಡುತ್ತಿರಲಿಲ್ಲ, ಅಲ್ಲಿಗೇ ಬಂದು ಉಣ್ಣಬೇಕಿತ್ತು. ಮನೆಗೆ ಕೊಟ್ಟರೆ ಅದು ಗಂಡನ ತಟ್ಟೆಗೋ ಮಕ್ಕಳ ತಟ್ಟೆಗೋ ಹೋಗುತ್ತದೆ ಎಂಬುದು ಯೋಜನೆ ಮಾಡಿದವರ ಲೆಕ್ಕ. ನಮ್ಮ ಬೀದಿಯ ಅತ್ತೆಯರು ಕೆರಳಿದರು. ‘ಬಸ್ರೀರು ಬೀದೀಲಿ ಊಟಕ್ಕೆ ಹೋಗದಾ? ಮನೇಲಿ ಮುದ್ದೆ ಇಲ್ವಾ?’ ದಸರಾ ರಜೆಯಲ್ಲಿ ನಾನು ನೋಡಿದಂತೆ ಮೂವರು ಹೋಗುತ್ತಿದ್ದರು, ಒಬ್ಬಳಿಗೆ ಮಾತ್ರ ಹಸಿವು. ಉಳಿದಿಬ್ಬರು ಹೋಗುತ್ತಿದ್ದದ್ದು ಮಾತಿಗೆ. ಹೋಗುವ ದಾರಿ ಹತ್ತು ನಿಮಿಷ, ಬರುವ ದಾರಿ ಮುಕ್ಕಾಲು ಗಂಟೆ. ನಾನೂ ಜೊತೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಎಲ್ಲಿಗೆ ಎಂದವರಿಗೆಲ್ಲ ‘ಅಂಗನವಾಡಿಗೆ’ ಎಂದು ನಾಲ್ಕು ಹೆಂಗಸರು ಒಟ್ಟಿಗೆ ಹೇಳುವ ಸುಖ ಆ ಖಾಲಿ ಚೀಲಕ್ಕೆ ಇರಲಿಲ್ಲ. ಎಳೆ ಬಾಣಂತಿಯರು ಮಾತ್ರ ಒಬ್ಬರೂ ಬರುತ್ತಿರಲಿಲ್ಲ. ಮೂರು ತಿಂಗಳು ಹೊಸಿಲು ದಾಟದವಳು ಊಟಕ್ಕೆ ಬೀದಿ ದಾಟುತ್ತಾಳೆಯೇ? ಬೆಂಗಳೂರಿನಲ್ಲಿ ಯೋಜನೆ ಬರೆದವರ ಮನೆಯಲ್ಲಿ ಬಾಣಂತಿಯರು ಇರಲಿಲ್ಲವೋ ಏನೋ.

ಆ ನವೆಂಬರಿನಲ್ಲಿ ನಾಲೆಯ ಏರಿ ನನಗೆ ಮುಚ್ಚಿತು. 24ನೇ ತಾರೀಖು ಶನಿವಾರ, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ವಿ.ಸಿ. ನಾಲೆಗೆ ಉರುಳಿ 30 ಜನ ಹೋದರು. ಸತ್ತವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅದೇ ರಾತ್ರಿ ನಟ ಅಂಬರೀಶ್ ತೀರಿಕೊಂಡ ಸುದ್ದಿ. ಮಾರನೆಯ ದಿನ ಅವರ ದೇಹ ತಂದು ಇಟ್ಟದ್ದು ನಾನು ಸುತ್ತುವ ಸರ್ ಎಂ.ವಿ. ಕ್ರೀಡಾಂಗಣದಲ್ಲೇ. ಒಂದು ವಾರ ನಾನು ಎಲ್ಲಿಯೂ ನಡೆಯಲಿಲ್ಲ. ಮಂಡ್ಯದಲ್ಲಿ ಆ ವಾರ ಯಾರನ್ನೂ ಯಾರೂ ಎಲ್ಲಿಗೆ ಎಂದು ಕೇಳಿದಂತೆ ನನಗೆ ನೆನಪಿಲ್ಲ.

ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಎರಡನೆಯ ಬಾಣಂತನ ಅತ್ತೆ ಮನೆಯದು ಎಂಬುದು ರೂಢಿ. ಅತ್ತೆಯ ಮಂಡಿ ಕೈಕೊಟ್ಟಿದ್ದರಿಂದ ಅವ್ವನೇ ಕರೆದೊಯ್ದಳು. ನಮ್ಮ ಕಡೆ ಆ ತಿಂಗಳಲ್ಲಿ ಬಾಣಂತನಕ್ಕೆ ಬರುವವರು ಹೆಣ್ಣುಮಕ್ಕಳು ಮಾತ್ರವಲ್ಲ. ಕೊಕ್ಕರೆ ಬೆಳ್ಳೂರಿನ ಹುಣಿಸೆ, ಅರಳಿ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಕೂತಿರುತ್ತವೆ. ಊರವರ ಪಾಲಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಹಿಂದೆ ಹಳೇ ಊರಿಗೆ ಪ್ಲೇಗ್ ಬಂದು ಜನ ಗುಳೆ ಎದ್ದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹೇಳುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶ ಎಂದಿತು. ಊರು ಅದಕ್ಕೂ ಬಹಳ ಮೊದಲೇ ಮರ ಕಡಿಯದೆ, ಹಣ್ಣಿನ ಆಸೆ ಬಿಟ್ಟು, ಹಿಕ್ಕೆಯ ನಾತ ಸಹಿಸಿಕೊಂಡು ಬಾಣಂತನ ಮಾಡುತ್ತಿತ್ತು.

ನನ್ನ ಬಾಣಂತಿ ಕೋಣೆಯಲ್ಲಿ ಕಿಟಕಿಗೆ ಕಂಬಳಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಹಳೇ ಸೀರೆಯ ಬಿಗಿತ, ಮೂಗಿಗೆ ಸಾಂಬ್ರಾಣಿ. ನಾನು ಇದನ್ನು ಅಣಕಿಸಲು ಹೊರಟಿಲ್ಲ. ಅವ್ವ ಹರಳೆಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹುಯ್ದ ಆ ಬೆಳಗುಗಳ ನಿದ್ದೆಯನ್ನು ಇವತ್ತು ಯಾರಾದರೂ ಮಾರಿದರೆ ಸಾಲ ಮಾಡಿ ಕೊಳ್ಳುತ್ತೇನೆ. ತಕರಾರು ಒಂದೇ: ಅವ್ವ ಕಾಲು ಅಲ್ಲಾಡಿಸಲೂ ಬಿಡುತ್ತಿರಲಿಲ್ಲ. ಹೆರಿಗೆಯಾದ ಮೊದಲ ಆರು ವಾರ ರಕ್ತಕ್ಕೆ ಹೆಪ್ಪುಗಟ್ಟುವ ಬುದ್ಧಿ ಜಾಸ್ತಿ, ಮಲಗಿದಲ್ಲೇ ಆದರೂ ಪಾದ ತಿರುಗಿಸುತ್ತಿರಿ, ಎದ್ದು ನಾಲ್ಕು ಹೆಜ್ಜೆ ಹಾಕಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ನಾನು ಕೋಣೆಯೊಳಗೇ ಗೋಡೆಯಿಂದ ಗೋಡೆಗೆ ನಡೆದರೆ ಹೊರಗಿನಿಂದ, ‘ಅದೇನೇ ಸದ್ದು, ಎಲ್ಲಿಗೆ ಹೊಂಟೆ?’ ಕೋಣೆಯಲ್ಲೂ!

ಒಂದು ದಿನ ರೇಗಿ ಹೇಳಿದೆ: ‘ನಿನ್ನ ಬೆಳ್ಳೂರಿನ ಹೆಣ್ಣುಮಕ್ಕಳನ್ನ ನೋಡವ್ವ. ಗಂಡು ಹೆಣ್ಣು ಪಾಳಿ ಹಾಕ್ಕೊಂಡು ಕಾವು ಕೂರ್ತಾವೆ. ಒಂದು ಕೂತ್ರೆ ಒಂದು ಶಿಂಷೆ ಕಡೆ ಹಾರಿ ಮೀನು ತರ್ತದೆ. ಮಧ್ಯಾಹ್ನದ ಬಿಸ್ಲಿಗೆ ಮರಿ ಮೇಲೆ ರೆಕ್ಕೆ ಹರಡಿ ನಿಲ್ತಾವೆ. ಯಾವ ಬಾಣಂತಿ ಕಿವಿಗೆ ಹತ್ತಿ ಇಟ್ಕೊಂಡು ಮಲಗೈತೆ ಹೇಳು?’

ಅವ್ವ ಮಗುವಿನ ಬಟ್ಟೆ ಮಡಚುತ್ತ, ‘ಅವುಕ್ಕೆ ಸೊಂಟ ಐತಾ?’ ಅಂದಳು.

ಸೊಂಟದ ಮಾತಿನಿಂದಲೇ ಇನ್ನೊಂದು ಮಾತು ಹೊರಬಿತ್ತು. ಆಸ್ಪತ್ರೆಯಲ್ಲಿ ಕಲಿಸಿದ ಇನ್ನೊಂದು ವ್ಯಾಯಾಮವಿತ್ತು. ಮೂತ್ರವನ್ನು ತಡೆದು ಹಿಡಿದಂತೆ ಕೆಳಗಿನ ಸ್ನಾಯುವನ್ನು ಮೇಲಕ್ಕೆ ಬಿಗಿದು, ಐದಾರು ಎಣಿಸಿ, ಅಷ್ಟೇ ಹೊತ್ತು ಸಡಿಲ ಬಿಡುವುದು. ಉಸಿರು ಕಟ್ಟಬಾರದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯ 1948ರಲ್ಲಿ ಇದನ್ನು ಬರೆದು ಹಬ್ಬಿಸಿದ, ಅವನ ಹೆಸರೇ ಅದಕ್ಕೆ ನಿಂತಿದೆ. ಲೋಕದ ವ್ಯಾಯಾಮಗಳಲ್ಲೆಲ್ಲ ನನಗೆ ಇದರ ಮೇಲೆ ಹೆಚ್ಚು ಪ್ರೀತಿ. ಯಾರಿಗೂ ಕಾಣುವುದಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕೆ.ಎಂ. ದೊಡ್ಡಿ ಬರುವುದರೊಳಗೆ ಒಂದು ಸುತ್ತು ಮುಗಿಸಬಹುದು. ಎಲ್ಲಿಗೆ ಎಂದು ಕೇಳಿದರೆ ಟಿಕೆಟ್ ತೋರಿಸಿದರಾಯಿತು.

ಇದೆಲ್ಲ ಯಾಕೆ ಎಂದು ಅವ್ವ ಕೇಳಿದಳು. ಹೆತ್ತ ಮೇಲೆ ಆ ಸ್ನಾಯು ಸಡಿಲವಾಗಿರುತ್ತದೆ, ಕೆಮ್ಮಿದರೆ, ಸೀನಿದರೆ, ನಕ್ಕರೆ ಉಚ್ಚೆ ಜಿನುಗಬಹುದು, ಇದು ಅದಕ್ಕೆ ಮದ್ದು ಎಂದೆ. ಅವ್ವ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಅದಕ್ಕೆ ಮದ್ದು ಐತಾ?’ ಅಂದಳು.

ನನ್ನ ತಮ್ಮ ಹುಟ್ಟಿದಾಗಿನಿಂದ, ಅಂದರೆ ಮೂವತ್ತೆರಡು ವರ್ಷ. ನಮ್ಮವ್ವ ಮುತ್ತತ್ತಿ ಜಾತ್ರೆಗೆ ಬರದೇ ಇದ್ದದ್ದು ದೇವರ ಮೇಲಿನ ಮುನಿಸಿನಿಂದ ಅಲ್ಲ. ಮದುವೆ ಮನೆಗಳಲ್ಲಿ ನಾಟಕದ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಗುವಾಗ ಅವಳು ಸೆರಗು ಬಾಯಿಗೆ ಒತ್ತಿ ಎದ್ದು ಹೋಗುತ್ತಿದ್ದದ್ದು ಬಿಗುಮಾನಕ್ಕೆ ಅಲ್ಲ. ಅವಳನ್ನು ನಾವು ಮಕ್ಕಳು ‘ನಗದ ಅವ್ವ’ ಎನ್ನುತ್ತಿದ್ದೆವು. ಎರಡನೆಯ ಹೆರಿಗೆಯಾಗಿ ಹನ್ನೆರಡನೆಯ ದಿನಕ್ಕೆ ನಾಟಿ ಗದ್ದೆಗೆ ಇಳಿದಿದ್ದಳಂತೆ. ಆಗ ಯಾರೂ ಕೂರು ಎನ್ನಲಿಲ್ಲ. ಅವತ್ತು ಸಿಗದ ಕೂರುವಿಕೆಯನ್ನೆಲ್ಲ ನನ್ನ ಮೇಲೆ ಹೇರುತ್ತಿದ್ದಳು ಎಂದು ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಆ ಸಂಜೆಯಿಂದ ಕೋಣೆಯಲ್ಲಿ ಇಬ್ಬರ ಅಭ್ಯಾಸ. ನಾನು ಎಣಿಸುವುದು, ಅವಳು ಹುಬ್ಬು ಗಂಟಿಕ್ಕಿ ಬಿಗಿಯುವುದು. ‘ಹುಬ್ಬು ಬೇಡ ಅವ್ವಾ, ಕೆಳಗೆ’ ಎಂದರೆ ಇಬ್ಬರಿಗೂ ನಗು, ನಕ್ಕರೆ ಇಬ್ಬರಿಗೂ ಕಷ್ಟ. ಮೂರು ತಿಂಗಳಿಗೆ ಅಷ್ಟಿಷ್ಟು ಗುಣ ಕಂಡಿತು, ಪೂರ್ತಿಯಲ್ಲ. ಉಳಿದದ್ದಕ್ಕೆ ಡಾಕ್ಟರ ಹತ್ತಿರ ಬಾ ಎಂದರೆ ಇನ್ನೂ ‘ನೋಡವಾ’ ಎನ್ನುತ್ತಿದ್ದಾಳೆ. ಆದರೆ ಕಿಟಕಿಯ ಕಂಬಳಿ ಮಾರನೆಯ ವಾರವೇ ಇಳಿಯಿತು. ನಲವತ್ತನೆಯ ದಿನಕ್ಕೆ ಹಿತ್ತಲಲ್ಲಿ ನಡೆಯಲು ಪರವಾನಗಿ ಸಿಕ್ಕಿತು.

ಆಮೇಲಿನ ವರ್ಷಗಳಲ್ಲಿ ನಡೆಯುವುದಕ್ಕೆ ಯಾರ ಪರವಾನಗಿಯೂ ಬೇಕಾಗಲಿಲ್ಲ. ಎರಡು ವರ್ಷದ ಮಗುವಿಗೆ ತುತ್ತು ತಿನ್ನಿಸುವುದೆಂದರೆ ಕಾಗೆ ತೋರಿಸಿ ಒಂದು, ಬೇಲಿಯ ಓತಿಕ್ಯಾತ ತೋರಿಸಿ ಒಂದು, ಪಕ್ಕದ ಬೀದಿಯ ಟ್ರ್ಯಾಕ್ಟರು ತೋರಿಸಿ ಒಂದು. ಬಟ್ಟಲಿನ ಅನ್ನ ಮುಗಿಯುವಷ್ಟರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆ ದಿನದ ಪಾಲು ಸಂದಾಯ. ಗಂಡನಿಗೆ ರಾತ್ರಿ ಪಾಳಿ. ಭುಜದ ಮೇಲೆ ಹಾಕಿಕೊಂಡು ಬಾಗಿಲಿನಿಂದ ಹಿತ್ತಲಿಗೆ ನಡೆದರೆ ಮಾತ್ರ ಮಗಳು ನಿದ್ದೆ ಹೋಗುತ್ತಿದ್ದಳು, ನಿಂತರೆ ಕಣ್ಣು ಬಿಡುತ್ತಿದ್ದಳು. ಮದ್ದೂರು ಸ್ಟೇಷನ್ನಿನ ವಡೆಯಿಂದ ಗಳಿಸಿದ್ದ ಅವರ ಹೊಟ್ಟೆ ಆ ವರ್ಷ ಎರಡು ಬೆರಳು ಇಳಿಯಿತು. ಊರಿನಲ್ಲಿ ಅವರು ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ನಡೆದರೆ ಮಾತ್ರ ಜಗಲಿಯವರು ಪ್ರಶ್ನೆ ಬದಲಿಸುತ್ತಿದ್ದರು: ‘ಅವಳು ಎಲ್ಲಿಗೆ ಹೋದ್ಲಪ್ಪಾ?’

ಹೋದ ಯುಗಾದಿಗೆ ಅತ್ತೆಯ ಊರಿಗೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತೂವರೆ ಇರಬೇಕು. ಓರಗಿತ್ತಿ ಮತ್ತು ನಾನು ಜಗಲಿಯಲ್ಲಿ ಕೂತು ಬೇವು ಬಿಡಿಸುತ್ತಿದ್ದೆವು. ಅವಳು ಹುಳ ಬಿಟ್ಟು ನಾಲ್ಕು ವರ್ಷವಾಯಿತು, ಬೆನ್ನು ಬಿಟ್ಟಿಲ್ಲ. ಮೂಲೆಮನೆಯ ಹೊಸ ಸೊಸೆ, ಆರು ತಿಂಗಳ ಬಸುರಿ, ಬಿಸಿಲಿಗೆ ಸೆರಗು ತಲೆಗೆ ಎಳೆದುಕೊಂಡು ನಾಲೆಯ ಕಡೆ ಬರುತ್ತಿದ್ದಳು. ಕೈಯಲ್ಲಿ ಹಾಲಿನ ಕ್ಯಾನು. ಹೆಜ್ಜೆಗೊಮ್ಮೆ ಅದರ ಮುಚ್ಚಳ ಟಣ್ ಎನ್ನುತ್ತಿತ್ತು.

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ನನ್ನ ಬಾಯಿಂದ ಬಂದೇ ಬಿಟ್ಟಿತು, ‘ಎಲ್ಲಿಗವ್ವಾ ಹೊಂಟೆ?’

‘ಡೈರಿಗೆ ಕನಕ್ಕಾ.’

ಡೈರಿ ಏಳೂವರೆಗೇ ಬಾಗಿಲು ಹಾಕುತ್ತದೆ. ಓರಗಿತ್ತಿ ಅದನ್ನು ಹೇಳಲು ಬಾಯಿ ತೆರೆದಳು. ನಾನು ಬೇವಿನ ಮೊರದ ಕೆಳಗೆ ಅವಳ ಕೈ ಅದುಮಿದೆ. ಅವಳು ಕ್ಯಾನನ್ನು ನೋಡಿದಳು, ನನ್ನನ್ನು ನೋಡಿದಳು.

‘ಏರಿ ಮೇಲೆ ಹೊಂಗೆ ನೆಳ್ಳೈತೆ ಕನವ್ವಾ,’ ಎಂದಳು. ‘ಒಸಿ ಕುಂತ್ಕಂಡು ಹೋಗು.’